ಕಾರ್ಡು ಕೆಟ್ಟರೆ ಸರ್ವರ್ ಸತ್ತಂತಲ್ಲ

ಕಳೆದ ಇಪ್ಪತ್ತು ವರ್ಷಗಳಲ್ಲಿ ಕನ್ನಡಕ್ಕೆ ಬಂದು ಸೇರಿದ ಮಾತುಗಳಲ್ಲಿ ‘ಸರ್ವರ್ ಡೌನ್’ ಎಂಬುದರಷ್ಟು ಜನರನ್ನು ಕಾಯಿಸಿದ ಮಾತು ಬೇರೊಂದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಿ ನಿಂತ ಅಜ್ಜಿಗೆ ಅದು ಗೊತ್ತು. ಉಪನೋಂದಣಾಧಿಕಾರಿಗಳ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತ ರೈತನಿಗೆ ಗೊತ್ತು. ಈ ಎರಡು ಪದಗಳ ಅಡಿಯಲ್ಲಿ ನೂರು ಬಗೆಯ ತೊಂದರೆಗಳು ಒಂದಾಗಿ ಮಲಗಿರುತ್ತವೆ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ತೊಡರಿದಾಗ ಕಾರಣ ಹೊರಗಿನಿಂದ ನುಗ್ಗಿದ ಸುಳ್ಳು ಕೋರಿಕೆಗಳ ಪ್ರವಾಹ. ಇನ್ನೊಂದು ಕಡೆ ರಸ್ತೆ ಅಗೆದವರು ಕೇಬಲ್ ಕತ್ತರಿಸಿರುತ್ತಾರೆ. ಮತ್ತೊಂದು ಕಡೆ ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ.

ಮೈಸೂರಿನ ಶಾಲೆ, ನರ್ಸಿಂಗ್ ಹೋಂ, ಸಹಕಾರ ಸಂಘ, ಸಣ್ಣ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುತ್ತಲೇ ನನ್ನ ತಲೆ ನರೆತಿದೆ. ಇಷ್ಟು ವರ್ಷಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಜನ ‘ಡೌನ್’ ಎನ್ನುವ ಹೊತ್ತಿಗೆ ಸರ್ವರ್ ಒಳಗೊಳಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ಡಿಸ್ಕ್ ತಿರುಗುತ್ತಿರುತ್ತದೆ, ದತ್ತಾಂಶ ಭದ್ರವಾಗಿರುತ್ತದೆ, ಮಾನಿಟರ್ ಹಚ್ಚಿದರೆ ಲಾಗಿನ್ ಪರದೆ ಕಾಣುತ್ತದೆ. ಅದಕ್ಕೆ ಮಾತು ಮಾತ್ರ ನಿಂತಿರುತ್ತದೆ. ಹೊರಗಿನವರೊಡನೆ ಅದು ಮಾತಾಡುವುದು ನೆಟ್‌ವರ್ಕ್ ಕಾರ್ಡಿನ ಮೂಲಕ. ನಮ್ಮ ಕೆಲಸದವರು ಅದನ್ನು ಇಂದಿಗೂ ಲ್ಯಾನ್ ಕಾರ್ಡ್ ಎಂದೇ ಕರೆಯುತ್ತಾರೆ. ಅಂಗೈಗಿಂತ ಚಿಕ್ಕದಾದ ಹಸಿರು ಹಲಗೆ, ಒಂದು ತುದಿಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿ, ಇನ್ನೊಂದು ಅಂಚಿನಲ್ಲಿ ಚಿನ್ನದ ಲೇಪದ ಹಲ್ಲುಗಳು.

ಈ ಹಲಗೆ ಕೆಟ್ಟಾಗ ಏನು ಮಾಡಬೇಕು ಎಂಬುದರ ಬಗ್ಗೆ ನಮ್ಮೂರಿನಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ಸರ್ವರಿಗೆ ಐದು ವರ್ಷ ದಾಟಿದ್ದರೆ ಅದರ ಬಿಡಿಭಾಗಕ್ಕೆ ದುಡ್ಡು ಹಾಕಬಾರದು. ಮುಚ್ಚಳ ತೆಗೆಯುವುದು ಕಂಪನಿಯವರ ಕೆಲಸ, ನಮ್ಮದಲ್ಲ. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ, ಆದ್ದರಿಂದ ಇಡೀ ಪೆಟ್ಟಿಗೆಯನ್ನೇ ಬದಲಿಸಿ. ಅದಕ್ಕಿಂತ ಒಳ್ಳೆಯದು, ಎಲ್ಲವನ್ನೂ ಕ್ಲೌಡಿಗೆ ಸಾಗಿಸಿ. ಇದನ್ನು ಮಾರಾಟಗಾರರು ಹೇಳುವುದು ಸಹಜ. ಈಗ ಆಡಳಿತ ಮಂಡಳಿಯವರು, ಲೆಕ್ಕಪರಿಶೋಧಕರು, ಕಂಪ್ಯೂಟರ್ ಸೈನ್ಸ್ ಕಲಿಸುವ ಮೇಷ್ಟ್ರುಗಳೂ ಇದನ್ನೇ ವಿವೇಕವೆಂದು ಹೇಳುತ್ತಿದ್ದಾರೆ. ಈ ಮಾತು ತಾಂತ್ರಿಕವಾಗಿ ತಪ್ಪು, ಹಣದ ಲೆಕ್ಕದಲ್ಲಿ ತಪ್ಪು, ಊರಿನ ಮಕ್ಕಳ ಕೈಕಸುಬಿಗೆ ಅದರಿಂದ ಆಗುತ್ತಿರುವ ನಷ್ಟ ಇನ್ನೂ ದೊಡ್ಡದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದನ್ನು ಬುದ್ಧಿವಂತಿಕೆ ಎಂದು ನಾನು ಒಪ್ಪಲಾರೆ.

ಒಂದು ಪ್ರಸಂಗ ಹೇಳಿ ಮುಂದುವರಿಯುತ್ತೇನೆ. ಕೆಲವು ವರ್ಷಗಳ ಹಿಂದೆ, ಭರಣಿ ಮಳೆಯ ದಿನಗಳು. ಸಂಜೆ ನಾಲ್ಕಕ್ಕೆ ಚಾಮುಂಡಿ ಬೆಟ್ಟದ ಕಡೆಯಿಂದ ಕಪ್ಪಾಗಿ, ಐದಕ್ಕೆ ಗುಡುಗು ಸಿಡಿಲು ಶುರು. ನಗರದ ಒಂದು ವಿದ್ಯಾಸಂಸ್ಥೆಯಲ್ಲಿ ಮಾರನೆಯ ಬೆಳಗ್ಗೆ ಕಚೇರಿಯ ಯಾವ ಕಂಪ್ಯೂಟರಿಗೂ ಸರ್ವರ್ ಸಿಗಲಿಲ್ಲ. ದಾಖಲಾತಿಯ ಸಮಯ, ಕಿಟಕಿಯ ಮುಂದೆ ಪೋಷಕರ ಸಾಲು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದವರ ಹುಡುಗ ಬಂದು ನೋಡಿ, “ಮದರ್‌ಬೋರ್ಡ್ ಹೋಗಿದೆ ಸಾರ್. ಈ ಮಾಡೆಲ್‌ಗೆ ಬೋರ್ಡ್ ಬರ್ತಿಲ್ಲ. ಹೊಸ ಸರ್ವರೇ ತಗೋಬೇಕಾಗುತ್ತೆ” ಅಂದ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂವರೆ ಲಕ್ಷದ ಕೊಟೇಷನ್ ಬಂತು. ಆಫೀಸ್ ಸೂಪರಿಂಟೆಂಡೆಂಟ್ ಮೇಡಂ ನನಗೆ ಫೋನ್ ಮಾಡಿದರು. “ಅಣ್ಣ, ಒಂದ್ಸಲ ನೀವು ಬಂದು ನೋಡಿ. ಇಷ್ಟು ದುಡ್ಡನ್ನ ಕಮಿಟಿ ಮುಂದೆ ಇಡೋಕೆ ನನಗೆ ಧೈರ್ಯ ಇಲ್ಲ” ಅಂದರು.

ಹೋಗಿ ನೋಡಿದೆ. ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆ ಸರ್ವರಿನ ಎರಡೂ ನೆಟ್‌ವರ್ಕ್ ಕಿಂಡಿಗಳು ಮದರ್‌ಬೋರ್ಡಿನ ಮೇಲೆಯೇ ಬೆಸೆದುಕೊಂಡವು, ಎರಡೂ ಸುಟ್ಟಿದ್ದವು. ಕೇಬಲ್ ಹಾಕಿದರೆ ಮಿಣುಕಬೇಕಾದ ಹಸಿರು ದೀಪ ಹತ್ತುತ್ತಿರಲಿಲ್ಲ. ಕೇಬಲ್ ಬದಲಿಸಿದೆ, ಸ್ವಿಚ್ಚಿನ ಬೇರೆ ಕಿಂಡಿಗೆ ಹಾಕಿದೆ, ನನ್ನ ಲ್ಯಾಪ್‌ಟಾಪಿಗೆ ನೇರ ಜೋಡಿಸಿದೆ. ಜೀವವಿಲ್ಲ. ಬೋರ್ಡಿನ ಉಳಿದ ಭಾಗಕ್ಕೆ ಏನೂ ಆಗಿರಲಿಲ್ಲ. ಪ್ರೊಸೆಸರ್, ಮೆಮೊರಿ, ರೇಡ್ ಕಟ್ಟಿದ ನಾಲ್ಕು ಡಿಸ್ಕ್, ಎರಡು ಪವರ್ ಸಪ್ಲೈ, ಎಲ್ಲವೂ ಸರಿ. ಹಿಂಭಾಗದಲ್ಲಿ ಮೂರು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು ಕೊಂಡ ದಿನದಿಂದ ಖಾಲಿ ಬಿದ್ದಿದ್ದವು. ತಯಾರಕರು ಆ ಜಾಗ ಬಿಟ್ಟದ್ದೇ ಹೊಸದೇನಾದರೂ ಬೇಕಾದಾಗ ಸೇರಿಸಲೆಂದು.

ಐದು ಸಾವಿರದೊಳಗೆ ಎರಡು ಕಿಂಡಿಯ ಕಾರ್ಡು ಸಿಕ್ಕಿತು. ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಎರಡೂ ಪವರ್ ಕೇಬಲ್ ಕಿತ್ತು, ಒಳಗೆ ಉಳಿದ ವಿದ್ಯುತ್ ಇಳಿಯಲೆಂದು ಪವರ್ ಬಟನ್ ಒತ್ತಿ ಹಿಡಿದು, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು ಮುಚ್ಚಳ ತೆಗೆದೆ. ಸ್ಲಾಟಿನ ಖಾಲಿ ತಗಡು ತೆಗೆದು, ಕಾರ್ಡನ್ನು ಅಂಚಿನಲ್ಲಿ ಹಿಡಿದು ಎರಡೂ ಬದಿ ಸಮನಾಗಿ ಒತ್ತಿ ಕೂರಿಸಿ, ಒಂದೇ ಒಂದು ಸ್ಕ್ರೂ ಬಿಗಿದೆ. ಬಯಾಸಿಗೆ ಹೋಗಿ ಸುಟ್ಟ ಕಿಂಡಿಗಳನ್ನು ಮುಚ್ಚಿದೆ. ಹಳೆಯ ಐಪಿ ವಿಳಾಸವನ್ನು ಹೊಸ ಕಾರ್ಡಿಗೆ ಕೊಟ್ಟೆ. ನಲವತ್ತು ನಿಮಿಷ.

ಇದು ನನ್ನ ಹೆಗ್ಗಳಿಕೆಯ ಕತೆಯಲ್ಲ. ಈ ಕೆಲಸಕ್ಕೆ ವಿಶೇಷ ಪ್ರತಿಭೆ ಬೇಡ. ಇಂಥ ಬದಲಾವಣೆ ಸಾಧ್ಯವಾಗಲೆಂದೇ ನಲವತ್ತು ವರ್ಷಗಳಿಂದ ಒಂದು ಉದ್ಯಮವೇ ಒಪ್ಪಂದಕ್ಕೆ ಬಂದು ದುಡಿದಿದೆ. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ, ಅದು 802.3 ಎಂಬ ಮುಕ್ತ ಮಾನಕವಾದದ್ದು 1983ರಲ್ಲಿ. ತಾಮ್ರದ ತಂತಿಯ ಮೇಲೆ ಗಿಗಾಬಿಟ್ ವೇಗಕ್ಕೆ ಮಾನಕ ಬಂದದ್ದು 1999ರಲ್ಲಿ. ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮಾನಕ 2003ರದ್ದು. ಇವತ್ತು ತಯಾರಾದ ಕಾರ್ಡನ್ನು ಹದಿನೈದು ವರ್ಷದ ಹಳೆಯ ಸ್ಲಾಟಿನಲ್ಲಿ ಕೂರಿಸಿದರೆ ಎರಡೂ ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಇಬ್ಬರಿಗೂ ಒಗ್ಗುವ ವೇಗಕ್ಕೆ ಇಳಿಯುತ್ತವೆ. ಒಂದು ಕಂಪನಿಯ ಕಾರ್ಡು, ಇನ್ನೊಂದು ಕಂಪನಿಯ ಸರ್ವರ್, ಮೂರನೆಯವರ ಸ್ವಿಚ್, ನಾವೇ ಕ್ರಿಂಪ್ ಮಾಡಿದ ಕೇಬಲ್. ಇವೆಲ್ಲ ಕೂಡಿ ನಡೆಯುವುದು ಮನುಷ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದೆಂದು ನಾನು ನಂಬಿದ್ದೇನೆ. ಈ ದುಡಿಮೆಯನ್ನೆಲ್ಲ ಕಡೆಗಣಿಸಿ ‘ಬೋರ್ಡ್ ಹೋಯ್ತು, ಪೆಟ್ಟಿಗೆ ಬದಲಿಸಿ’ ಎನ್ನುವವರು ತಮ್ಮ ಕಸುಬಿನ ಅಡಿಪಾಯವನ್ನೇ ಅರಿಯದವರು.

ಸರ್ವರಿನ ಮುಚ್ಚಳದ ಒಳಮೈಯನ್ನು ಯಾರಾದರೂ ನೋಡಿದ್ದಾರೆಯೇ? ಬಹುಪಾಲು ಸರ್ವರುಗಳಲ್ಲಿ ಅಲ್ಲೇ ಚಿತ್ರ ಅಂಟಿಸಿರುತ್ತಾರೆ: ಯಾವ ಭಾಗ ಎಲ್ಲಿದೆ, ಯಾವ ಚಿಲಕ ಎತ್ತಿದರೆ ಯಾವುದು ಹೊರಬರುತ್ತದೆ. ಓಡುತ್ತಿರುವಾಗಲೇ ತೆಗೆಯಬಹುದಾದ ಭಾಗಕ್ಕೆ ಒಂದು ಬಣ್ಣ, ನಿಲ್ಲಿಸಿ ತೆಗೆಯಬೇಕಾದ್ದಕ್ಕೆ ಇನ್ನೊಂದು ಬಣ್ಣ. ಮುಟ್ಟಬೇಡಿ ಎನ್ನುವ ಯಂತ್ರಕ್ಕೆ ಯಾರೂ ಹೀಗೆ ದಾರಿ ಬರೆದಿಡುವುದಿಲ್ಲ.

ಆ ಸಂಸ್ಥೆಯ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕೂವರೆ ಲಕ್ಷದ ಅಂಕಿಯಲ್ಲ. ಕಿಂಡಿಗಳು ಯಾಕೆ ಸುಟ್ಟವು ಎಂದು ಅಲ್ಲಿ ಒಬ್ಬರೂ ಕೇಳಿರಲಿಲ್ಲ. ಕಚೇರಿಯ ಕಟ್ಟಡದಿಂದ ಪ್ರಯೋಗಾಲಯದ ಕಟ್ಟಡಕ್ಕೆ ತಾಮ್ರದ ನೆಟ್‌ವರ್ಕ್ ಕೇಬಲನ್ನು ಹೊಂಗೆ ಮರದ ಕೊಂಬೆಗೆ ಕಟ್ಟಿ ಗಾಳಿಯಲ್ಲಿ ಎಳೆದಿದ್ದರು. ಸಿಡಿಲು ನೇರವಾಗಿ ಬಡಿಯಬೇಕೆಂದೇನೂ ಇಲ್ಲ. ಹತ್ತಿರದಲ್ಲಿ ಬಡಿದರೂ ಎರಡು ಕಟ್ಟಡಗಳ ಭೂಸಂಪರ್ಕದ ನಡುವೆ ಕ್ಷಣಕಾಲ ಭಾರಿ ವ್ಯತ್ಯಾಸ ಏಳುತ್ತದೆ. ಆ ಹೊಡೆತಕ್ಕೆ ಸಿಗುವ ಸುಲಭದ ದಾರಿ ಈ ತಾಮ್ರದ ಎಳೆ. ಎಳೆಯ ತುದಿಯಲ್ಲಿರುವುದು ಸ್ವಿಚ್, ಅದರಾಚೆ ಸರ್ವರಿನ ಕಿಂಡಿ. ಕೊಟೇಷನ್ನಿನಲ್ಲಿದ್ದ ಹೊಸ ಸರ್ವರನ್ನು ಕೊಂಡು ಅದೇ ಕೇಬಲ್ ಸಿಕ್ಕಿಸಿದ್ದರೆ ಮುಂದಿನ ವರ್ಷದ ಭರಣಿಗೋ ಕೃತ್ತಿಕೆಗೋ ಅದೂ ಅದೇ ದಾರಿ ಹಿಡಿಯುತ್ತಿತ್ತು. ಎರಡು ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆಯಬೇಕು. ಅದು ಗಾಜು, ವಿದ್ಯುತ್ತನ್ನು ಒಯ್ಯುವುದಿಲ್ಲ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ ಹಾಕಿದರೆ ಮುಗಿಯಿತು.

ಬಿಡಿಭಾಗ ಬದಲಿಸುವವನು ಕಾರಣ ಹುಡುಕಲೇಬೇಕಾಗುತ್ತದೆ. ಇಲ್ಲದಿದ್ದರೆ ಅವನು ಹಾಕಿದ ಭಾಗವೂ ಕೆಟ್ಟು ಅವನ ಹೆಸರು ಕೆಡುತ್ತದೆ. ಇಡೀ ಪೆಟ್ಟಿಗೆ ಬದಲಿಸುವವನಿಗೆ ಆ ಹೊಣೆಯಿಲ್ಲ. ಹೊಸ ಪೆಟ್ಟಿಗೆಯ ಜೊತೆ ಹೊಸ ವಾರಂಟಿ ಬರುತ್ತದೆ, ಪ್ರಶ್ನೆ ಅಲ್ಲಿಗೆ ಮುಚ್ಚಿಹೋಗುತ್ತದೆ. ಪೂರ್ತಿ ಬದಲಿಸುವ ಪದ್ಧತಿ ಅಜ್ಞಾನವನ್ನು ಸಾಕುವುದು ಹೀಗೆ. ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಎಷ್ಟೋ ಸಲ ಕಾರ್ಡು ಕೆಟ್ಟೇ ಇರುವುದಿಲ್ಲ. ಕೇಬಲಿನ ತುದಿಯ ಪ್ಲಾಸ್ಟಿಕ್ ಚಿಲಕ ಮುರಿದು ಸಡಿಲವಾಗಿರುತ್ತದೆ. ಫೈಬರ್ ಮಾಡ್ಯೂಲಿನ ಬಾಯಲ್ಲಿ ಧೂಳು ಕೂತಿರುತ್ತದೆ. ಕಾರ್ಡು ಸ್ಲಾಟಿನಲ್ಲಿ ಒಂದು ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ತೆಗೆದು ಒರೆಸಿ ಮತ್ತೆ ಕೂರಿಸಿದರೆ ಸಾಕು. (ನಮ್ಮ ಹುಡುಗರು ಪೆನ್ಸಿಲ್ ರಬ್ಬರಿನಿಂದ ಆ ಚಿನ್ನದ ಹಲ್ಲುಗಳನ್ನು ಉಜ್ಜುತ್ತಾರೆ. ದಯವಿಟ್ಟು ಬೇಡ. ಲೇಪ ಸವೆಯುತ್ತದೆ, ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲೆಳೆ ಬಿಡದ ಬಟ್ಟೆ ಸಾಕು.) ಲಿನಕ್ಸಿನಲ್ಲಿ ಎಥ್‌ಟೂಲ್ ಎಂಬ ಪುಟ್ಟ ಸಲಕರಣೆ ಇದೆ, ಎಷ್ಟು ಪ್ಯಾಕೆಟ್ ಹಾಳಾಗಿ ಬಂದವೆಂದು ಅದು ಎಣಿಸಿ ತೋರಿಸುತ್ತದೆ. ಆ ಎಣಿಕೆ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೇಬಲನ್ನು. ಐದು ನಿಮಿಷದ ಈ ಪರೀಕ್ಷೆ ಮಾಡದೆ ಲಕ್ಷಗಳ ಮಾತಾಡುವುದು ಅನ್ಯಾಯ.

ಇನ್ನು ಎದುರು ಪಕ್ಷದವರ ವಾದಗಳಲ್ಲಿ ಹುರುಳಿರುವುದನ್ನು ನೋಡೋಣ. ‘ಕಾರ್ಡು ಬದಲಿಸುವುದು ಸುಲಭ, ಆಮೇಲಿನ ತಲೆನೋವು ಯಾರು ನೋಡುತ್ತಾರೆ?’ ಎಂದು ಕೇಳುತ್ತಾರೆ. ಇದು ನಿಜವಾದ ಪ್ರಶ್ನೆ. ಪ್ರತಿ ನೆಟ್‌ವರ್ಕ್ ಕಿಂಡಿಗೂ ತಯಾರಿಕೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಕಾರ್ಡು ಬದಲಾದರೆ ವಿಳಾಸ ಬದಲಾಗುತ್ತದೆ. ಆ ಹಳೆಯ ವಿಳಾಸವನ್ನು ನಂಬಿಕೊಂಡು ಕೂತವರು ಹಲವರು. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಅದರ ಹೆಸರಿಗೆ ಕಾಯ್ದಿಟ್ಟ ಐಪಿ ಇರಬಹುದು. ಸ್ವಿಚ್ಚಿನಲ್ಲಿ ಪೋರ್ಟ್ ಸೆಕ್ಯುರಿಟಿ ಹಾಕಿದ್ದರೆ ಗುರುತಿಲ್ಲದ ವಿಳಾಸ ಕಂಡ ಕೂಡಲೇ ಅದು ಬಾಗಿಲು ಮುಚ್ಚುತ್ತದೆ. ಹಳೆಯ ಲಿನಕ್ಸ್ ಆವೃತ್ತಿಗಳಲ್ಲಿ ಯುಡೆವ್ ಕಡತವೊಂದು ಹಳೆಯ ಮ್ಯಾಕನ್ನು ನೆನಪಿಟ್ಟುಕೊಂಡು, ಹೊಸ ಕಾರ್ಡಿಗೆ ಈಥ್‌0 ಬದಲು ಈಥ್‌1 ಎಂದು ಹೆಸರಿಡುತ್ತಿತ್ತು. ಸಂರಚನೆ ಈಥ್‌0ಕ್ಕೆ ಬರೆದದ್ದು, ಕಾರ್ಡು ಈಥ್‌1 ಆಗಿ ಕೂತದ್ದು, ನೆಟ್‌ವರ್ಕ್ ಏಳುವುದಿಲ್ಲ. ರಾತ್ರಿಯಿಡೀ ಈ ಒಂದು ಅಂಕಿಗಾಗಿ ತಲೆ ಕೆರೆದುಕೊಂಡವರು ನನ್ನ ತಲೆಮಾರಿನಲ್ಲಿ ಬಹಳ ಮಂದಿ. 2013ರಲ್ಲಿ ಲಿನಕ್ಸಿನ ಸಿಸ್ಟಂಡಿ ಹೊಸ ಹೆಸರಿಡುವ ಕ್ರಮ ತಂದ ಮೇಲೆ ಹೆಸರು ಸ್ಲಾಟಿನ ಜಾಗಕ್ಕೆ ಅಂಟಿಕೊಂಡಿತು. ಅದೇ ಬಗೆಯ ಕಾರ್ಡನ್ನು ಅದೇ ಸ್ಲಾಟಿನಲ್ಲಿ ಕೂರಿಸಿದರೆ ಸಾಮಾನ್ಯವಾಗಿ ಅದೇ ಹೆಸರು. ವಿಂಡೋಸಿನಲ್ಲಿ ತೆಗೆದುಹಾಕಿದ ಕಾರ್ಡಿನ ಗುರುತು ಅಡಗಿ ಕೂತಿರುತ್ತದೆ. ಹೊಸದಕ್ಕೆ ಹಳೆಯ ಐಪಿ ಕೊಡಲು ಹೋದರೆ ಅದು ಈಗಾಗಲೇ ಇನ್ನೊಂದಕ್ಕೆ ಸೇರಿದೆ ಎನ್ನುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸಲು ಹೇಳಿ ಹಳೆಯದನ್ನು ಅಳಿಸಬೇಕು.

ಎಲ್ಲಕ್ಕಿಂತ ಕಿರುಕುಳ ಕೊಡುವುದು ಲೈಸೆನ್ಸ್. ಆ ಸಂಸ್ಥೆಯಲ್ಲೂ ಹಾಗೇ ಆಯಿತು. ಕಾರ್ಡು ಕೂರಿಸಲು ನಲವತ್ತು ನಿಮಿಷ ಹಿಡಿದರೆ, ಲೆಕ್ಕಪತ್ರದ ತಂತ್ರಾಂಶದ ಲೈಸೆನ್ಸನ್ನು ಹಳೆಯ ಮ್ಯಾಕಿನಿಂದ ಬಿಡಿಸಿ ಹೊಸದಕ್ಕೆ ಕಟ್ಟಿಸಲು ಒಂದು ಇಡೀ ದಿನ ಫೋನಿನಲ್ಲಿ ಕಳೆಯಿತು. ಇದನ್ನು ಮುಚ್ಚಿಟ್ಟು ‘ಐದು ಸಾವಿರದಲ್ಲಿ ಮುಗಿಯಿತು’ ಎಂದರೆ ನಾನೂ ಮಾರಾಟಗಾರನ ಹಾಗೆಯೇ ಮಾತಾಡಿದಂತೆ. ಆದರೆ ಈ ತಲೆನೋವುಗಳಲ್ಲಿ ಒಂದಾದರೂ ಹೊಸ ಸರ್ವರ್ ಕೊಂಡರೆ ತಪ್ಪುತ್ತದೆಯೇ? ಹೊಸ ಸರ್ವರಿಗೂ ಹೊಸ ಮ್ಯಾಕ್, ಹೊಸ ಹೆಸರು, ಲೈಸೆನ್ಸಿಗಾಗಿ ಅದೇ ಫೋನು. ಅದರ ಮೇಲೆ ಕಾರ್ಯಾಚರಣೆ ವ್ಯವಸ್ಥೆಯನ್ನು ಮೊದಲಿಂದ ಹಾಕುವುದು, ದತ್ತಾಂಶ ಸಾಗಿಸುವುದು, ಹಳೆಯ ತಂತ್ರಾಂಶ ಹೊಸ ಆವೃತ್ತಿಯಲ್ಲಿ ನಡೆಯುತ್ತದೆಯೋ ಇಲ್ಲವೋ ಎಂದು ನೋಡುವುದು. ಕಾರ್ಡು ಬದಲಿಸಿದರೆ ಬರುವ ಕಷ್ಟ ಒಂದು ಪಾಲಾದರೆ, ಪೆಟ್ಟಿಗೆ ಬದಲಿಸಿದರೆ ಆ ಪಾಲೂ ಬರುತ್ತದೆ, ಅದರ ಜೊತೆ ಇನ್ನು ಹತ್ತು ಪಾಲು.

ಎರಡನೆಯ ವಾದ ವಾರಂಟಿಯದು. ವಾರಂಟಿ ಇರುವವರೆಗೆ ಅದನ್ನು ಬಳಸಿಕೊಳ್ಳಿ, ಮುಚ್ಚಳ ತೆಗೆಯದೆ ತಯಾರಕರನ್ನೇ ಕರೆಯಿರಿ. ಅದಕ್ಕಾಗಿಯೇ ದುಡ್ಡು ಕೊಟ್ಟಿದ್ದೀರಿ. ನಾನು ಮಾತಾಡುತ್ತಿರುವುದು ವಾರಂಟಿ ಮುಗಿದ ಯಂತ್ರಗಳ ಬಗ್ಗೆ. ಆಗಲೂ ‘ಕಂಪನಿಯವರೇ ಮುಟ್ಟಬೇಕು’ ಎನ್ನುವ ಭಯ ಉಳಿದಿರುತ್ತದೆ, ಕಂಪನಿಯವರು ‘ಈ ಮಾಡೆಲ್ ನಿಂತುಹೋಗಿದೆ’ ಎನ್ನುತ್ತಾರೆ. ಇಲ್ಲಿ ನಮ್ಮ ಸರ್ಕಾರದ ಲೋಪವನ್ನೂ ಹೇಳಬೇಕು. ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು. ಟ್ರ್ಯಾಕ್ಟರ್ ಇದೆ, ಫ್ರಿಜ್ ಇದೆ, ಸರ್ವರ್ ಇಲ್ಲ. ಐರೋಪ್ಯ ಒಕ್ಕೂಟದವರು 2019ರಲ್ಲಿಯೇ ಸರ್ವರುಗಳಿಗಾಗಿ ಪ್ರತ್ಯೇಕ ನಿಯಮ ಮಾಡಿದರು. ಮದರ್‌ಬೋರ್ಡ್, ಮೆಮೊರಿ, ವಿಸ್ತರಣಾ ಕಾರ್ಡು, ಪವರ್ ಸಪ್ಲೈಗಳನ್ನು ದುರಸ್ತಿಗೆ ಅಥವಾ ಮರುಬಳಕೆಗೆ ಬಿಡಿಸಿ ತೆಗೆಯಲಾಗದಂತೆ ಅಂಟಿಸಿ ಬೆಸೆಯಬಾರದು, ಫರ್ಮ್‌ವೇರಿನ ಹೊಸ ಆವೃತ್ತಿ ಕನಿಷ್ಠ 8 ವರ್ಷ ಸಿಗುವಂತಿರಬೇಕು ಎಂಬುದು ಅದರ ಸಾರ. 2020ರ ಮಾರ್ಚಿನಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಅಲ್ಲಿ ಮಾರಾಟವಾಗುವ ಮಾದರಿಗಳೇ ಇಲ್ಲಿಗೂ ಬರುತ್ತವೆ. ಯಂತ್ರ ಬಿಚ್ಚಲು ಬರುವಂತೆಯೇ ಇದೆ. ಬಿಚ್ಚುವ ಹಕ್ಕು ನಮಗಿದೆ ಎಂದು ನಮ್ಮ ಕಾನೂನು ಹೇಳಬೇಕಾಗಿದೆ.

ಹಳೆಯ ಸರ್ವರ್ ಕರೆಂಟು ತಿನ್ನುತ್ತದೆ ಎಂಬುದು ನಿಜ. ಭದ್ರತಾ ಪರಿಷ್ಕರಣೆ ನಿಂತುಹೋದ ವ್ಯವಸ್ಥೆಯನ್ನು ಇಂಟರ್ನೆಟ್ಟಿಗೆ ತೆರೆದಿಡಬಾರದು ಎಂಬುದೂ ನಿಜ. ಆ ಕಾರಣಗಳಿಗಾಗಿ ಸರ್ವರ್ ಬದಲಿಸುವವರ ಜೊತೆ ನನಗೆ ಜಗಳವಿಲ್ಲ. ಅದನ್ನು ಯೋಚಿಸಿ, ಬಜೆಟ್ಟಿನಲ್ಲಿ ಇಟ್ಟು, ರಜೆಯ ದಿನ ನೋಡಿ ಮಾಡಬೇಕು. ದಾಖಲಾತಿಯ ಸಾಲು ಕಾಯುತ್ತಿರುವಾಗ, ಒಂದು ಕಾರ್ಡು ಸುಟ್ಟ ಗಾಬರಿಯಲ್ಲಿ, ಮಧ್ಯಾಹ್ನದೊಳಗೆ ಬಂದ ಕೊಟೇಷನ್ನಿಗೆ ಸಹಿ ಹಾಕಿ ಮಾಡುವ ನಿರ್ಧಾರವಲ್ಲ ಅದು.

ಕ್ಲೌಡಿನ ಮಾತು ಬಂದಾಗ ಒಂದು ಸಂಗತಿಯನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಕ್ಲೌಡ್ ಎಂದರೆ ಇನ್ನೊಬ್ಬರ ಸರ್ವರ್. ಅದಕ್ಕೂ ನೆಟ್‌ವರ್ಕ್ ಕಾರ್ಡಿದೆ, ಅದೂ ಕೆಡುತ್ತದೆ. ಕೆಟ್ಟಾಗ ಅವರು ಏನು ಮಾಡುತ್ತಾರೆ? ಕಾರ್ಡು ಬದಲಿಸುತ್ತಾರೆ. ಫೇಸ್‌ಬುಕ್ 2011ರಲ್ಲಿ ಶುರುಮಾಡಿದ ಓಪನ್ ಕಂಪ್ಯೂಟ್ ಯೋಜನೆಯಡಿ ಸರ್ವರಿನ ಮುಚ್ಚಳವನ್ನೂ ತೆಗೆಯದೆ, ಹೊರಗಿನಿಂದಲೇ ಎಳೆದು ಬದಲಿಸುವಂಥ ಕಾರ್ಡಿನ ವಿನ್ಯಾಸವನ್ನೇ ರೂಪಿಸಿದ್ದಾರೆ. ಮೈಕ್ರೋಸಾಫ್ಟ್ 2022ರಲ್ಲಿ, ಗೂಗಲ್ 2023ರಲ್ಲಿ ತಮ್ಮ ಸರ್ವರುಗಳ ಬಾಳಿಕೆಯ ಲೆಕ್ಕವನ್ನು 4 ವರ್ಷದಿಂದ 6 ವರ್ಷಕ್ಕೆ ಏರಿಸಿಕೊಂಡವು. ಜಗತ್ತಿನಲ್ಲೇ ಅತಿ ಹೆಚ್ಚು ಹಣವಿರುವ ಕಂಪನಿಗಳು ತಮ್ಮ ಯಂತ್ರಗಳನ್ನು ಹೆಚ್ಚು ಕಾಲ ದುಡಿಸಿಕೊಳ್ಳುವಾಗ, ಶಿಕ್ಷಕರ ಸಂಬಳಕ್ಕೆ ಪರದಾಡುವ ನಮ್ಮ ಸಂಸ್ಥೆಗಳಿಗೆ ‘ಐದು ವರ್ಷವಾಯಿತು, ಎಸೆಯಿರಿ’ ಎಂದು ಹೇಳುವುದು ಯಾವ ನ್ಯಾಯ?

ಈ ಮಾತನ್ನು ಮೈಸೂರಿನಲ್ಲಿ ನಿಂತು ಹೇಳಬೇಕಾಗಿ ಬಂದಿರುವುದು ನನಗೆ ಹೆಚ್ಚು ನೋವು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ವಿನ್ಯಾಸದ ಬೈಕ್ ತಯಾರಿಸತೊಡಗಿತು. ಮುಂದೆ ಅದೇ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿ ಕಾಲು ಶತಮಾನಕ್ಕೂ ಹೆಚ್ಚಾದರೂ ಆ ಬೈಕುಗಳು ನಮ್ಮ ರಸ್ತೆಗಳಲ್ಲಿ ಇಂದಿಗೂ ಓಡುತ್ತಿವೆ. ಪ್ರತಿ ಜುಲೈನಲ್ಲಿ ಜಾವಾ ದಿನದಂದು ಅವುಗಳ ಸಾಲು ಹೊರಟರೆ ಎರಡು ಸೈಲೆನ್ಸರುಗಳ ಆ ಸದ್ದಿಗೆ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ತಯಾರಕರಿಲ್ಲದ ಯಂತ್ರವನ್ನು ಇಷ್ಟು ವರ್ಷ ಬದುಕಿಸಿದವರು ಯಾರು? ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಬಲ್ಲ, ಪಾಯಿಂಟ್ ಹೊಂದಿಸಬಲ್ಲ, ಸಿಗದ ಭಾಗವನ್ನು ಲೇತಿನಲ್ಲಿ ಕಡೆಯಬಲ್ಲ ನಮ್ಮ ಮೆಕ್ಯಾನಿಕ್‌ಗಳು. ‘ಕಂಪನಿ ಮುಚ್ಚಿದೆ, ಇನ್ನು ಎಸೆಯಿರಿ’ ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಆ ಕೈಗಳ ಮಕ್ಕಳು, ಮೊಮ್ಮಕ್ಕಳು ಇವತ್ತು ಇಂಜಿನಿಯರಿಂಗ್ ಓದುತ್ತಿದ್ದಾರೆ.

ಇನ್ನೊಂದು ದಿಕ್ಕಿಗೆ ನೋಡಿ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಸರ್ಕ್ಯೂಟ್ ಹಲಗೆಗಳನ್ನು ತಯಾರಿಸುತ್ತದೆ. 1988ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಕೇನ್ಸ್ ಟೆಕ್ನಾಲಜಿ ಅಂಥ ಹಲಗೆಗಳ ಮೇಲೆ ಬಿಡಿಭಾಗ ಕೂರಿಸುವ ಕೆಲಸ ಮಾಡುತ್ತದೆ. ನೆಟ್‌ವರ್ಕ್ ಕಾರ್ಡು ಎಂಬುದು ಅಂಥದ್ದೇ ಒಂದು ಹಲಗೆ. ಹಲಗೆಯನ್ನೇ ತಯಾರಿಸುವ ಸೀಮೆಯಲ್ಲಿ, ಹಲಗೆ ಬದಲಿಸಲು ಬಾರದು ಎಂಬ ನಂಬಿಕೆ ಬೆಳೆದದ್ದು ಹೇಗೆ? ನನ್ನ ಬಳಿ ಕಲಿಯಲು ಬರುವ ಕಂಪ್ಯೂಟರ್ ಸೈನ್ಸ್ ಪದವೀಧರರಿಗೆ ಮೊದಲ ದಿನ ಹಳೆಯ ಸರ್ವರೊಂದನ್ನು ಕೊಟ್ಟು ಮುಚ್ಚಳ ತೆಗೆಯಿರಿ ಎನ್ನುತ್ತೇನೆ. ಹೆಚ್ಚಿನವರ ಕೈ ನಡುಗುತ್ತದೆ. ನಾಲ್ಕು ವರ್ಷ ನೆಟ್‌ವರ್ಕಿನ ಏಳು ಪದರಗಳನ್ನು ಬಾಯಿಪಾಠ ಮಾಡಿದವರು ಮೊದಲನೆಯ ಪದರವನ್ನು, ಅಂದರೆ ತಂತಿಯನ್ನೂ ಕಿಂಡಿಯನ್ನೂ, ಕೈಯಲ್ಲಿ ಹಿಡಿದೇ ಇರುವುದಿಲ್ಲ. ತಪ್ಪು ಅವರದಲ್ಲ. ‘ಮುಟ್ಟಬೇಡಿ, ಕೆಟ್ಟರೆ ಹೊಸದು ಬರುತ್ತದೆ’ ಎಂದು ಪ್ರಯೋಗಾಲಯದಲ್ಲಿ ಅವರಿಗೆ ಕಲಿಸಿದವರದು.

ಎಸೆದ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆಂದು ಕೇಳುವವರೂ ಕಡಿಮೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೋ ನವೀಕರಿಸುವವರಿಗೋ ಹೋಗಬೇಕು. ಎಷ್ಟೋ ಪೆಟ್ಟಿಗೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಗುಜರಿಯಿಂದ ಮುಂದೆ ಯಾವುದೋ ಊರಿನ ಯಾವುದೋ ಓಣಿಯಲ್ಲಿ ಯಾರದೋ ಮಗ ಆ ಹಲಗೆಗಳನ್ನು ಆಸಿಡ್ಡಿನಲ್ಲಿ ಅದ್ದಿ, ಅಂಚಿನ ಹಲ್ಲುಗಳ ಚಿನ್ನ ಬಿಡಿಸಿ, ಹೊಗೆ ಕುಡಿಯುತ್ತಾನೆ. ಕೋಲಾರದ ಗಣಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದ ರಾಜ್ಯ ನಮ್ಮದು. ಅಷ್ಟು ಆಳದಿಂದ, ಅಷ್ಟು ಜನರ ಎದೆಗೂಡು ಸವೆಸಿ ತೆಗೆದ ಲೋಹ ಅದು. 2001ರಲ್ಲಿ ಆ ಗಣಿ ಮುಚ್ಚಿತು. ಒಂದು ಟನ್ ಅದಿರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಚಿನ್ನ ಒಂದು ಟನ್ ಸರ್ಕ್ಯೂಟ್ ಹಲಗೆಯಲ್ಲಿದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಒಂದು ಕಾರ್ಡು ಕೆಟ್ಟದ್ದಕ್ಕೆ ಇಪ್ಪತ್ತು ಕಿಲೋದ ಪೆಟ್ಟಿಗೆಯನ್ನು ಆ ರಾಶಿಗೆ ಸೇರಿಸುವವರು ಈ ಅಂಕಿಯನ್ನು ಒಮ್ಮೆ ಓದಬೇಕು.

ಸಂಸ್ಥೆಗಳ ಲೆಕ್ಕದ ಪುಸ್ತಕವೂ ಈ ತಪ್ಪಿಗೆ ಒತ್ತಾಸೆ ಕೊಡುತ್ತದೆ. ಹೊಸ ಸರ್ವರ್ ಬಂಡವಾಳ ವೆಚ್ಚದಲ್ಲಿ ಬರುತ್ತದೆ. ಅದಕ್ಕೆ ಅನುದಾನವಿದೆ, ಟೆಂಡರಿದೆ, ಉದ್ಘಾಟನೆಯೂ ಇದೆ. ಐದು ಸಾವಿರದ ಕಾರ್ಡು ನಿರ್ವಹಣೆಯ ಬಾಬಿನಲ್ಲಿ ಬರಬೇಕು. ಆ ಬಾಬಿನಲ್ಲಿ ಹಣವೇ ಇರುವುದಿಲ್ಲ. ದೊಡ್ಡ ಖರ್ಚು ಸುಲಭ, ಸಣ್ಣ ಖರ್ಚು ಕಷ್ಟ. ಆಡಳಿತ ಮಂಡಳಿಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಸರ್ವರ್ ಕೊಳ್ಳುವ ದಿನವೇ ಅದಕ್ಕೆ ಒಪ್ಪುವ ಒಂದು ಬಿಡಿ ಕಾರ್ಡು ಕೊಂಡು, ಸ್ಥಾಯೀ ವಿದ್ಯುತ್ ತಡೆಯುವ ಅದರ ಚೀಲದಲ್ಲೇ ಬೀರುವಿನಲ್ಲಿಡಿ. ಕೊಳ್ಳುವಾಗ ಸ್ಲಾಟಿನ ಅಳತೆ ನೋಡಿ, ಗಿಡ್ಡ ತಗಡೋ ಉದ್ದ ತಗಡೋ ನೋಡಿ, ನಿಮ್ಮ ಕಾರ್ಯಾಚರಣೆ ವ್ಯವಸ್ಥೆಗೆ ಅದರ ಡ್ರೈವರ್ ಇದೆಯೇ ನೋಡಿ. ಅಗ್ಗಕ್ಕೆ ಸಿಗುವ ನಕಲಿ ಕಾರ್ಡು ಮಾರುಕಟ್ಟೆಯಲ್ಲಿ ಬಹಳ ಇವೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಈಗಿರುವ ಐಪಿ, ಮ್ಯಾಕ್, ಸ್ವಿಚ್ಚಿನ ಕಿಂಡಿಯ ಸಂಖ್ಯೆ, ಲೈಸೆನ್ಸಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿ. ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಒಂದು ಭಾನುವಾರ ಕಾರ್ಡು ತೆಗೆದು ಹಾಕುವುದನ್ನು ರೂಢಿ ಮಾಡಿಸಿ.

ಆ ವಿದ್ಯಾಸಂಸ್ಥೆಯವರು ಮಳೆಗಾಲಕ್ಕೆ ಮುನ್ನವೇ ಹೊಂಗೆ ಮರದ ಕೇಬಲ್ ಇಳಿಸಿ ಫೈಬರ್ ಹಾಕಿಸಿದರು. ಸರ್ವರ್ ಅದಾದ ಮೇಲೆ ಮೂರು ವರ್ಷ ದುಡಿಯಿತು. ಆಮೇಲೆ ಬಜೆಟ್ಟಿನಲ್ಲಿ ಇಟ್ಟು, ದಸರಾ ರಜೆಯಲ್ಲಿ, ಗಾಬರಿಯಿಲ್ಲದೆ ಹೊಸದಕ್ಕೆ ಸಾಗಿಸಿದೆವು. ಹಳೆಯದು ಈಗ ಅವರದೇ ಪ್ರಯೋಗಾಲಯದ ಮೇಜಿನ ಮೇಲಿದೆ, ಮುಚ್ಚಳ ತೆಗೆದ ಸ್ಥಿತಿಯಲ್ಲಿ. ಸುಟ್ಟ ಎರಡು ಕಿಂಡಿಗಳ ಪಕ್ಕದಲ್ಲಿ ಕಪ್ಪು ಕಲೆ ಇನ್ನೂ ಕಾಣುತ್ತದೆ. ಹೋದ ತಿಂಗಳು ಹೋದಾಗ ಎರಡನೇ ವರ್ಷದ ಒಬ್ಬಳು ಹುಡುಗಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಆ ಐದು ಸಾವಿರದ ಕಾರ್ಡನ್ನು ಸ್ಲಾಟಿನಿಂದ ತೆಗೆದು, ಅಂಚು ಒರೆಸಿ, ಮತ್ತೆ ಕೂರಿಸುತ್ತಿದ್ದಳು. ಕೇಬಲ್ ಹಾಕಿದಳು. ಹಸಿರು ದೀಪ ಹತ್ತಿತು.